ಯಂತ್ರ ಎದ್ದಾಗ ಬ್ರಿಡ್ಜೂ ಏಳಬೇಕು

ರಾತ್ರಿ ಎರಡೂವರೆಗೆ ಕರೆಂಟು ಹೋಗಿ ಮೂರೂವರೆಗೆ ಬಂತು ಅನ್ನಿ. ಯುಪಿಎಸ್ ಅಷ್ಟು ಹೊತ್ತು ತಡೆಯಲಿಲ್ಲ. ಆಫೀಸಿನ ಮೂಲೆಯಲ್ಲಿರುವ ಸರ್ವರ್ ಕರೆಂಟು ಬಂದ ಕೂಡಲೇ ತಾನಾಗಿ ಆನ್ ಆಗುತ್ತದೆ. ಸುತ್ತ ಯಾರೂ ಇಲ್ಲ. ಬೆಳಿಗ್ಗೆ ಜನ ಬಂದು ಕೂರುವ ಹೊತ್ತಿಗೆ ಅದರ ನೆಟ್‌ವರ್ಕ್ ಪೋರ್ಟ್‌ಗಳು, ಒಳಗೆ ಓಡುವ ವರ್ಚುವಲ್ ಮಷೀನುಗಳು ಎಲ್ಲವೂ ನಿನ್ನೆ ಹೇಗೆ ಒಂದಕ್ಕೊಂದು ಸೇರಿಕೊಂಡಿದ್ದವೋ ಇವತ್ತೂ ಹಾಗೇ ಸೇರಿರಬೇಕು. ಹೀಗೆ ಹಲವು ಪೋರ್ಟ್‌ಗಳನ್ನು ಒಂದೇ ಜಾಲವಾಗಿ ಬೆಸೆಯುವುದು ಬ್ರಿಡ್ಜ್. ಕೀಲಿಮಣೆಯ ಮುಂದೆ ಕೂತು ಬ್ರಿಡ್ಜ್ ಕಟ್ಟುವುದು ಒಂದು ನಿಮಿಷದ ಕೆಲಸ. ಯಾರೂ ಇಲ್ಲದ ಹೊತ್ತಲ್ಲಿ ಅದು ತಾನಾಗಿ, ಸರಿಯಾದ ಕ್ರಮದಲ್ಲಿ ಮತ್ತೆ ಕಟ್ಟಿಕೊಳ್ಳುವಂತೆ ಬರೆದಿಡುವುದಕ್ಕೆ ಮಾತ್ರ ಕಸುಬು ಬೇಕು. ಈ ಲೇಖನ ಆ ಕಸುಬಿನ ಬಗ್ಗೆ.

ಉದಾಹರಣೆಗೆ ನಾನು ಫ್ರೀಬಿಎಸ್‌ಡಿಯನ್ನು ಆರಿಸಿಕೊಂಡಿದ್ದೇನೆ. ಬರ್ಕ್ಲಿಯ ಯುನಿಕ್ಸ್ ಪರಂಪರೆಯಿಂದ 1993ರಲ್ಲಿ ಹೊರಟ ಈ ಆಪರೇಟಿಂಗ್ ಸಿಸ್ಟಂನಲ್ಲಿ ಬೂಟ್ ಹೇಗೆ ನಡೆಯುತ್ತದೆ ಎನ್ನುವುದು ಪೂರ್ತಿ ಬಯಲಲ್ಲಿದೆ. ಓದಲು ಬರುವ ಶೆಲ್ ಸ್ಕ್ರಿಪ್ಟ್‌ಗಳು, ನಡುವೆ ಒಂದು ಸೆಟ್ಟಿಂಗ್ ಫೈಲ್, ಅಷ್ಟೇ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮೊದಲು ಬ್ರಿಡ್ಜ್ ಏನು ಮಾಡುತ್ತದೆ ನೋಡೋಣ. ಈಥರ್ನೆಟ್ ಕೇಬಲ್ಲಿನಲ್ಲಿ ಓಡಾಡುವ ಪ್ರತಿ ಫ್ರೇಮಿನ ತಲೆಯಲ್ಲೂ ಎರಡು ಮ್ಯಾಕ್ ವಿಳಾಸಗಳಿರುತ್ತವೆ. ಒಂದು ಸೇರಬೇಕಾದವರದ್ದು, ಇನ್ನೊಂದು ಕಳಿಸಿದವರದ್ದು. ಬ್ರಿಡ್ಜ್ ತನ್ನ ಪ್ರತಿ ಪೋರ್ಟಿಗೂ ಕಿವಿಗೊಟ್ಟು ಕೂತಿರುತ್ತದೆ. ಒಂದು ಫ್ರೇಮ್ ಬಂದರೆ ಮೊದಲು ಕಳಿಸಿದವರ ವಿಳಾಸ ನೋಡಿ, ‘ಇವರು ಈ ಪೋರ್ಟಿನ ಕಡೆ ಇದ್ದಾರೆ’ ಎಂದು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಸೇರಬೇಕಾದವರ ವಿಳಾಸ ತನ್ನ ಪಟ್ಟಿಯಲ್ಲಿದೆಯೇ ಎಂದು ಹುಡುಕುತ್ತದೆ. ಇದ್ದರೆ ಆ ಒಂದು ಪೋರ್ಟಿಗೆ ಮಾತ್ರ ಕಳಿಸುತ್ತದೆ. ಇಲ್ಲದಿದ್ದರೆ ಬಂದ ಪೋರ್ಟನ್ನು ಬಿಟ್ಟು ಉಳಿದೆಲ್ಲ ಕಡೆಗೂ ಕಳಿಸುತ್ತದೆ. ಬಡಾವಣೆಗೆ ಹೊಸದಾಗಿ ಬಂದ ಅಂಚೆಯಣ್ಣ ಯಾರನ್ನೂ ವಿಚಾರಿಸದೆ, ಯಾವ ಬೀದಿಯ ಡಬ್ಬಿಯಲ್ಲಿ ಯಾರ ಕಾಗದ ಬೀಳುತ್ತದೆ ಎಂದು ನೋಡಿಕೊಂಡೇ ಮನೆಗಳನ್ನು ಗುರುತು ಮಾಡಿಕೊಂಡ ಹಾಗೆ. ಫ್ರೀಬಿಎಸ್‌ಡಿಯ ಬ್ರಿಡ್ಜಿನಲ್ಲಿ ಈ ಪಟ್ಟಿ ಸಾಮಾನ್ಯವಾಗಿ 2000 ವಿಳಾಸಗಳನ್ನು ಹಿಡಿಯುತ್ತದೆ. 1200 ಸೆಕೆಂಡು, ಅಂದರೆ 20 ನಿಮಿಷ ಸದ್ದಿಲ್ಲದ ವಿಳಾಸವನ್ನು ಅಳಿಸಿಹಾಕುತ್ತದೆ. ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ. ಪೋರ್ಟ್‌ಗಳನ್ನು ಸೇರಿಸಿಕೊಟ್ಟರೆ ಸಾಕು, ಉಳಿದದ್ದನ್ನು ಅದೇ ಕಲಿಯುತ್ತದೆ.

ಈ ಕೋಡಿನ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. ಅಮೆರಿಕದ ಗ್ರೀನ್ಸ್‌ಬರೋದಲ್ಲಿರುವ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿದ್ದ ಜೇಸನ್ ರೈಟ್ ಇದನ್ನು ತಮ್ಮ ಸ್ವತಂತ್ರ ಅಧ್ಯಯನದ ಭಾಗವಾಗಿ ಓಪನ್‌ಬಿಎಸ್‌ಡಿಗೆ ಬರೆದರು. ಅಲ್ಲಿಂದ ಅದು ನೆಟ್‌ಬಿಎಸ್‌ಡಿಗೆ ಹೋಯಿತು. ಅಲ್ಲಿ ಜೇಸನ್ ಥಾರ್ಪ್ ಅದನ್ನು ಬಹುಪಾಲು ತಿದ್ದಿ ಬೆಳೆಸಿದರು. ಆಮೇಲೆ ಆಂಡ್ರ್ಯೂ ಥಾಂಪ್ಸನ್ ಅದನ್ನು ಫ್ರೀಬಿಎಸ್‌ಡಿಗೆ ತಂದರು. 2005ರಲ್ಲಿ ಬಂದ 6.0 ಆವೃತ್ತಿಯಿಂದ ಅದು ಇಲ್ಲಿದೆ. ವರ್ಷಗಳ ನಂತರ ಕ್ರಿಸ್ಟೋಫ್ ಪ್ರೊವೋ ಒಳಗಿನ ಬೀಗಗಳ ವ್ಯವಸ್ಥೆಯನ್ನೇ ಬದಲಿಸಿದರು. ಅದುವರೆಗೆ ಪ್ರೊಸೆಸರ್‌ನ ಕೋರ್‌ಗಳೆಲ್ಲ ಒಂದೇ ಬೀಗಕ್ಕಾಗಿ ಸರದಿ ನಿಲ್ಲುತ್ತಿದ್ದವು. ಅವರ ಅಳತೆಯಲ್ಲಿ ಸೆಕೆಂಡಿಗೆ 37 ಲಕ್ಷ ಪ್ಯಾಕೆಟ್ ಸಾಗಿಸುತ್ತಿದ್ದ ಬ್ರಿಡ್ಜ್, ಈ ಕೆಲಸದ ನಂತರ ಅದೇ ಯಂತ್ರದಲ್ಲಿ 1 ಕೋಟಿ 86 ಲಕ್ಷ ಸಾಗಿಸಿತು. 2021ರ 13.0 ಆವೃತ್ತಿಯಲ್ಲಿ ಅದು ಎಲ್ಲರ ಕೈಗೂ ಬಂತು. ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟ್ ಮೂರು ಆಪರೇಟಿಂಗ್ ಸಿಸ್ಟಂಗಳನ್ನು ದಾಟಿ, ನಾಲ್ಕೈದು ಜನರ ಕೈಯಲ್ಲಿ ಹದಗೊಂಡು, ಇಂದು ಡೇಟಾ ಸೆಂಟರ್‌ಗಳ ಭಾರ ಹೊರುತ್ತಿದೆ. ಇವರಲ್ಲಿ ಕೆಲವರ ಹೆಸರು ಇವತ್ತಿಗೂ ಬ್ರಿಡ್ಜಿನ ಮ್ಯಾನ್ಯುಯಲ್ ಪುಟದಲ್ಲಿದೆ.

ಇನ್ನು ಕೈಯಿಂದ ಕಟ್ಟುವ ಬಗೆ. ಎರಡು ಪೋರ್ಟ್ ಇರುವ ಯಂತ್ರ ಎಂದುಕೊಳ್ಳಿ, ಹೆಸರು ಇಎಂ0 ಮತ್ತು ಇಎಂ1. ಆಜ್ಞೆಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಕೊಟ್ಟಿದ್ದೇನೆ.

ಇಫ್‌ಕಾನ್ಫಿಗ್ ಬ್ರಿಡ್ಜ್ ಕ್ರಿಯೇಟ್
ಇಫ್‌ಕಾನ್ಫಿಗ್ ಬ್ರಿಡ್ಜ್0 ಆ್ಯಡ್‌ಎಂ ಇಎಂ0 ಆ್ಯಡ್‌ಎಂ ಇಎಂ1 ಅಪ್
ಇಫ್‌ಕಾನ್ಫಿಗ್ ಇಎಂ0 ಅಪ್
ಇಫ್‌ಕಾನ್ಫಿಗ್ ಇಎಂ1 ಅಪ್

ಮೊದಲ ಸಾಲು ಬ್ರಿಡ್ಜನ್ನು ಹುಟ್ಟಿಸುತ್ತದೆ. ಅದಕ್ಕೆ ಬೇಕಾದ ಕರ್ನಲ್ ಮಾಡ್ಯೂಲ್ ಇನ್ನೂ ಒಳಗೆ ಬಂದಿರದಿದ್ದರೆ ಇಫ್‌ಕಾನ್ಫಿಗ್ ತಾನೇ ಕರೆತರುತ್ತದೆ. ಎರಡನೆಯದು ಸದಸ್ಯರನ್ನು ಸೇರಿಸುತ್ತದೆ. ಉಳಿದೆರಡು ಸದಸ್ಯರನ್ನು ಎಬ್ಬಿಸುತ್ತವೆ. ಎಂಟರ್ ಒತ್ತಿದ ಕ್ಷಣದಿಂದ ಕೆಲಸ ಶುರು. ಆದರೆ ಇದೆಲ್ಲ ಕರ್ನಲ್ಲಿನ ಮೆಮೊರಿಯಲ್ಲಿ ಮಾತ್ರ ಇರುವ ವ್ಯವಸ್ಥೆ. ಯಂತ್ರ ಆಫ್ ಆದರೆ ಗುರುತೂ ಉಳಿಯುವುದಿಲ್ಲ. ಡಿಸ್ಕಿನಲ್ಲಿ ಎಲ್ಲೂ ಯಾರೂ ಇದನ್ನು ಬರೆದಿಟ್ಟಿಲ್ಲ.

ಬರೆದಿಡುವ ಜಾಗ ಇಟಿಸಿ ಡೈರೆಕ್ಟರಿಯ ಆರ್‌ಸಿ ಡಾಟ್ ಕಾನ್ಫ್ ಎಂಬ ಫೈಲ್. ಅಲ್ಲಿ ಇದೇ ಬ್ರಿಡ್ಜ್ ಹೀಗೆ ಕಾಣುತ್ತದೆ:

ಕ್ಲೋನ್ಡ್_ಇಂಟರ್‌ಫೇಸಸ್="ಬ್ರಿಡ್ಜ್0"
ಇಫ್‌ಕಾನ್ಫಿಗ್_ಬ್ರಿಡ್ಜ್0="ಆ್ಯಡ್‌ಎಂ ಇಎಂ0 ಆ್ಯಡ್‌ಎಂ ಇಎಂ1 ಅಪ್"
ಇಫ್‌ಕಾನ್ಫಿಗ್_ಇಎಂ0="ಅಪ್"
ಇಫ್‌ಕಾನ್ಫಿಗ್_ಇಎಂ1="ಅಪ್"

ನಾಲ್ಕು ಆಜ್ಞೆಗಳಿದ್ದಲ್ಲಿ ನಾಲ್ಕು ಸಾಲು. ನೋಡಲು ಒಂದೇ ಥರ ಇದ್ದರೂ ಎರಡರ ಸ್ವಭಾವ ಬೇರೆ. ಆಜ್ಞೆ ‘ಈಗ ಹೀಗೆ ಮಾಡು’ ಎನ್ನುತ್ತದೆ. ಇಲ್ಲಿರುವ ಸಾಲು ‘ಈ ಯಂತ್ರ ಇರಬೇಕಾದದ್ದು ಹೀಗೆ’ ಎನ್ನುತ್ತದೆ. ಅಲ್ಲಿಗೆ ತಲುಪಲು ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಮಾಡಬೇಕು ಎಂಬ ಚಿಂತೆಯನ್ನು ಬೂಟ್ ಸ್ಕ್ರಿಪ್ಟ್‌ಗಳು ಹೊತ್ತುಕೊಂಡಿವೆ. ಹಾಗಾಗಿ ನಾಲ್ಕು ಸಾಲುಗಳನ್ನು ಯಾವ ಕ್ರಮದಲ್ಲಿ ಬರೆದರೂ ಬ್ರಿಡ್ಜ್ ಒಂದೇ ರೀತಿ ಏಳುತ್ತದೆ.

ಮೊದಲ ಸಾಲಿನ ಕ್ಲೋನ್ಡ್ ಎಂಬ ಮಾತು ಹೊಸಬರನ್ನು ತಡೆದು ನಿಲ್ಲಿಸುತ್ತದೆ. ಇಎಂ0 ನಿಜವಾದ ಹಾರ್ಡ್‌ವೇರ್. ಕರ್ನಲ್ ಬೂಟ್ ಆಗುವಾಗ ಅದನ್ನು ಕಾರ್ಡಿನಲ್ಲೇ ಕಂಡುಹಿಡಿಯುತ್ತದೆ. ಬ್ರಿಡ್ಜಿಗೆ ಅಂಥ ಕಾರ್ಡಿಲ್ಲ. ಯಾರಾದರೂ ಕೇಳಿದರೆ ಮಾತ್ರ ಅದು ಹುಟ್ಟುತ್ತದೆ. ವಿಎಲ್ಯಾನ್, ಟ್ಯಾಪ್, ಇಪೇರ್ ಮೊದಲಾದವೂ ಹೀಗೇ. ಕೇಳಿದರೆ ಹುಟ್ಟುವಂಥವುಗಳ ಪಟ್ಟಿಯೇ ಈ ಸಾಲು.

ಕೊನೆಯ ಎರಡು ಸಾಲುಗಳನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬ್ರಿಡ್ಜಿಗೆ ‘ಅಪ್’ ಎಂದಾಯಿತಲ್ಲ, ಸದಸ್ಯರಿಗೆ ಪ್ರತ್ಯೇಕವಾಗಿ ಯಾಕೆ ಎಂದು. ಆದರೆ ಬ್ರಿಡ್ಜ್ ಸದಸ್ಯರನ್ನು ಸೇರಿಸಿಕೊಳ್ಳುತ್ತದೆಯೇ ಹೊರತು ಎಬ್ಬಿಸುವುದಿಲ್ಲ. ಸಾಮಾನ್ಯವಾಗಿ ಪೋರ್ಟಿಗೆ ಐಪಿ ವಿಳಾಸ ಕೊಟ್ಟಾಗ ಅದು ತಾನಾಗಿ ಏಳುತ್ತದೆ. ಬ್ರಿಡ್ಜಿನ ಸದಸ್ಯನಿಗೆ ವಿಳಾಸ ಇರುವುದಿಲ್ಲವಾದ್ದರಿಂದ ಅದನ್ನು ಎಬ್ಬಿಸುವವರು ಯಾರೂ ಇಲ್ಲ. ಕೈಯಿಂದ ಕಟ್ಟಿದ ದಿನ ಆ ಪೋರ್ಟ್ ಬೇರೆ ಕಾರಣಕ್ಕೆ ಮೊದಲೇ ಎದ್ದಿರುವುದರಿಂದ ಎಲ್ಲ ಸರಿಯಾಗಿ ಕಾಣುತ್ತದೆ. ಮುಂದಿನ ಬೂಟ್‌ನಲ್ಲಿ ಬ್ರಿಡ್ಜ್ ಇರುತ್ತದೆ, ಸದಸ್ಯರು ಪಟ್ಟಿಯಲ್ಲಿರುತ್ತಾರೆ, ಒಂದು ಫ್ರೇಮೂ ಓಡಾಡುವುದಿಲ್ಲ. ಒಂದೊಂದು ಪುಟ್ಟ ಪದದ ಸಾಲು, ಆದರೆ ಇಡೀ ಕಟ್ಟಡ ನಿಂತಿರುವುದು ಅದರ ಮೇಲೆ.

ಈಗ ಕ್ರಮದ ವಿಚಾರ. ಈ ಕಸುಬಿನ ಹೃದಯ ಇಲ್ಲೇ ಇದೆ ಎಂದು ನನ್ನ ಭಾವನೆ. ಹಳೆಯ ಬಿಎಸ್‌ಡಿಗಳಲ್ಲಿ ಬೂಟ್ ಎಂದರೆ ಒಂದೆರಡು ಉದ್ದನೆಯ ಸ್ಕ್ರಿಪ್ಟ್. ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋಗುವುದು. ಹೊಸದೇನಾದರೂ ಸೇರಿಸಬೇಕಾದರೆ ಎಲ್ಲಿ ತುರುಕಬೇಕು ಎಂದು ಯೋಚಿಸಿ, ಆ ಸ್ಕ್ರಿಪ್ಟನ್ನೇ ತಿದ್ದಬೇಕಿತ್ತು. 2000ದ ಕೊನೆಯಲ್ಲಿ ಬಂದ ನೆಟ್‌ಬಿಎಸ್‌ಡಿ 1.5ರಲ್ಲಿ ಲ್ಯೂಕ್ ಮ್ಯೂಬರ್ನ್ ಮತ್ತು ಸಂಗಡಿಗರು ಇದನ್ನು ಒಡೆದರು. ಪ್ರತಿ ಸೇವೆಗೂ ಒಂದು ಪುಟ್ಟ ಸ್ಕ್ರಿಪ್ಟ್. ಅದರ ತಲೆಯ ಮೇಲೆ ಕಾಮೆಂಟಿನ ರೂಪದಲ್ಲಿ ಕೆಲವು ಸಾಲು: ನಾನು ಒದಗಿಸುವುದು ಇದು, ನನಗಿಂತ ಮೊದಲು ಇವು ಆಗಿರಬೇಕು, ಇಂಥವುಗಳಿಗಿಂತ ಮೊದಲು ನಾನು ಆಗಬೇಕು. ಆರ್‌ಸಿಆರ್ಡರ್ ಎಂಬ ಚಿಕ್ಕ ಪ್ರೋಗ್ರಾಂ ಆ ಸಾಲುಗಳನ್ನೆಲ್ಲ ಓದಿ, ಯಾರ ಹಿಂದೆ ಯಾರು ಎಂದು ಜೋಡಿಸಿ, ಒಂದು ಸರದಿ ಮಾಡಿಕೊಡುತ್ತದೆ. ಇನ್ನೊಂದು ಯುನಿಕ್ಸ್ ಪರಂಪರೆಯಲ್ಲಿ ಸ್ಕ್ರಿಪ್ಟಿನ ಹೆಸರಿಗೇ ಸಂಖ್ಯೆ ಅಂಟಿಸಿ ಕ್ರಮ ಹೇಳುತ್ತಿದ್ದರು. ಅಲ್ಲಿ ಈ ಸ್ಕ್ರಿಪ್ಟಿನ ಸಂಖ್ಯೆ 40 ಯಾಕೆ, 35 ಯಾಕಲ್ಲ ಎಂದರೆ ಉತ್ತರ ಸಿಗುತ್ತಿರಲಿಲ್ಲ. ಇಲ್ಲಿ ಕಾರಣವೇ ಬರಹದಲ್ಲಿದೆ. ಫ್ರೀಬಿಎಸ್‌ಡಿ ಇದನ್ನು 2003ರ 5.0 ಆವೃತ್ತಿಯಲ್ಲಿ ತನ್ನದಾಗಿಸಿಕೊಂಡಿತು.

ನೆಟ್‌ವರ್ಕ್ ಎಬ್ಬಿಸುವ ಸ್ಕ್ರಿಪ್ಟಿನ ಹೆಸರು ನೆಟ್‌ಇಫ್. ಡಿಸ್ಕುಗಳು ಸಿದ್ಧವಾಗಿರಬೇಕು, ಕರ್ನಲ್ ಸೆಟ್ಟಿಂಗ್‌ಗಳನ್ನು ಹಾಕುವ ಸಿಸ್‌ಸಿಟಿಎಲ್ ಸ್ಕ್ರಿಪ್ಟ್ ಮುಗಿದಿರಬೇಕು, ಆಮೇಲೆ ತನ್ನ ಸರದಿ ಎಂದು ಅದರ ತಲೆಯಲ್ಲಿ ಬರೆದಿದೆ. ಅದರ ಒಳಗಿನ ನಡೆ ಎರಡು ಹಂತದ್ದು. ಮೊದಲ ಹಂತದಲ್ಲಿ ಕ್ಲೋನ್ಡ್ ಪಟ್ಟಿಯಲ್ಲಿರುವುದನ್ನೆಲ್ಲ ಹುಟ್ಟಿಸಿಬಿಡುತ್ತದೆ. ಆಗ ಯಾವುದಕ್ಕೂ ವಿಳಾಸವಿಲ್ಲ, ಸದಸ್ಯರಿಲ್ಲ, ಹೆಸರು ಮಾತ್ರ. ಎರಡನೆಯ ಹಂತದಲ್ಲಿ ಒಂದೊಂದಾಗಿ ಎತ್ತಿಕೊಂಡು ಅದರದರ ಇಫ್‌ಕಾನ್ಫಿಗ್ ಸಾಲನ್ನು ಅನ್ವಯಿಸುತ್ತದೆ. ಈ ವಿಂಗಡಣೆಯಿಂದಲೇ ಬ್ರಿಡ್ಜಿಗೆ ಟ್ಯಾಪ್0 ಸದಸ್ಯ ಎಂದು ಹೇಳುವ ಹೊತ್ತಿಗೆ ಟ್ಯಾಪ್0 ಹುಟ್ಟಿರುವುದು ಖಾತ್ರಿ. ಒಂದೇ ಹಂತದಲ್ಲಿ ಹುಟ್ಟಿಸಿ ಸೇರಿಸಿ ಎಂದು ಬರೆದಿದ್ದರೆ, ಪಟ್ಟಿಯಲ್ಲಿ ಬ್ರಿಡ್ಜ್ ಮೊದಲು ಬಂದಾಗೆಲ್ಲ ಇನ್ನೂ ಹುಟ್ಟದವರನ್ನು ಕರೆಯುವ ಪರಿಸ್ಥಿತಿ ಬರುತ್ತಿತ್ತು. ಇಂಥ ತೊಂದರೆಯನ್ನು ಮುಂದಾಗಿ ಕಂಡು ಸದ್ದಿಲ್ಲದೆ ಪರಿಹರಿಸಿದವರ ಬಗ್ಗೆ ನನಗೆ ತುಂಬ ಗೌರವ.

ಕ್ರಮ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಬ್ರಿಡ್ಜಿನ ಮೂಲಕ ಹೋಗುವ ಪ್ಯಾಕೆಟ್ಟುಗಳನ್ನು ಫೈರ್‌ವಾಲ್ ಎಲ್ಲಿ ನೋಡಬೇಕು, ಸದಸ್ಯ ಪೋರ್ಟಿನಲ್ಲೋ, ಬ್ರಿಡ್ಜಿನ ಮೇಲೋ ಎಂಬುದಕ್ಕೆ ಕರ್ನಲ್ಲಿನಲ್ಲಿ ಕೆಲವು ಸ್ವಿಚ್ಚುಗಳಿವೆ. ಅವುಗಳ ಬೆಲೆಯನ್ನು ಸಿಸ್‌ಸಿಟಿಎಲ್ ಡಾಟ್ ಕಾನ್ಫ್ ಫೈಲಿನಲ್ಲಿ ಬರೆಯುವುದು ವಾಡಿಕೆ. ಆದರೆ ಆ ಸ್ವಿಚ್ಚುಗಳು ಇರುವುದು ಬ್ರಿಡ್ಜಿನ ಮಾಡ್ಯೂಲಿನ ಒಳಗೆ. ಮಾಡ್ಯೂಲ್ ಬರುವುದು ನೆಟ್‌ಇಫ್ ಬ್ರಿಡ್ಜನ್ನು ಹುಟ್ಟಿಸಿದಾಗ. ಸಿಸ್‌ಸಿಟಿಎಲ್ ಸ್ಕ್ರಿಪ್ಟ್ ಓಡುವುದು ಅದಕ್ಕಿಂತ ಮೊದಲು. ಅಂದರೆ ಬೆಲೆ ಹಾಕಲು ಹೋದಾಗ ಸ್ವಿಚ್ಚೇ ಇಲ್ಲ. ಬೂಟ್‌ನ ಕೊನೆಯಲ್ಲಿ ಅದೇ ಫೈಲನ್ನು ಇನ್ನೊಮ್ಮೆ ಓದುವ ಏರ್ಪಾಡು ಇರುವುದರಿಂದ ಕಡೆಗೆ ಎಲ್ಲ ಸರಿಹೋಗುತ್ತದೆ. ನಡುವಿನ ಹೊತ್ತಿನಲ್ಲಿ ಮಾತ್ರ ಫೈರ್‌ವಾಲ್ ನೀವು ಬರೆದ ಹಾಗೆ ನಡೆಯುತ್ತಿರುವುದಿಲ್ಲ. ಬಲ್ಲವರು ಬೂಟ್ ಡೈರೆಕ್ಟರಿಯ ಲೋಡರ್ ಡಾಟ್ ಕಾನ್ಫ್‌ನಲ್ಲಿ ಇಫ್_ಬ್ರಿಡ್ಜ್_ಲೋಡ್="ಯೆಸ್" ಎಂದು ಒಂದು ಸಾಲು ಬರೆದು, ಕರ್ನಲ್ಲಿನ ಜೊತೆಗೇ ಮಾಡ್ಯೂಲನ್ನು ಕರೆತರುತ್ತಾರೆ. ಕೆಲವೇ ಸೆಕೆಂಡುಗಳ ಆ ಸಂದನ್ನೂ ಮುಚ್ಚುವುದು ಒಳ್ಳೆಯ ಕೆಲಸಗಾರನ ಲಕ್ಷಣ.

ಐಪಿ ವಿಳಾಸ ಎಲ್ಲಿರಬೇಕು? ಬ್ರಿಡ್ಜಿನ ಮೇಲೆ. ಯಂತ್ರಕ್ಕೆ ಮೊದಲೇ ಇಎಂ0 ಮೇಲೆ ವಿಳಾಸ ಇದ್ದು, ಆಮೇಲೆ ಬ್ರಿಡ್ಜ್ ಸೇರಿಸುವವರು ವಿಳಾಸವನ್ನು ಅಲ್ಲೇ ಬಿಡುವುದುಂಟು. ಅದು ಅರ್ಧಂಬರ್ಧ ಕೆಲಸ ಮಾಡುತ್ತಲೂ ಇರುತ್ತದೆ. ಆದರೆ ಒಮ್ಮೆ ಬ್ರಿಡ್ಜಿಗೆ ಸೇರಿದ ಪೋರ್ಟ್ ಒಂದು ತೂತು ಮಾತ್ರ. ಜಾಲದ ಮೇಲೆ ಯಂತ್ರದ ಗುರುತಾಗಿ ನಿಲ್ಲಬೇಕಾದದ್ದು ಬ್ರಿಡ್ಜ್. ವಿಳಾಸವನ್ನು ಇಎಂ0ದಲ್ಲೇ ಬಿಟ್ಟು ಆ ಕೇಬಲ್ ಕಿತ್ತರೆ, ಇಎಂ1ರ ಕಡೆ ಇರುವವರಿಗೂ ಯಂತ್ರ ಸಿಗದೆ ಹೋಗಬಹುದು. ಇದರ ಮೇಲೆ ಐಪಿವಿ6 ತನ್ನದೇ ಗೊಂದಲಗಳನ್ನು ಸೇರಿಸುತ್ತದೆ. ಸರಿಯಾದ ಸಾಲು ಹೀಗೆ:

ಇಫ್‌ಕಾನ್ಫಿಗ್_ಬ್ರಿಡ್ಜ್0="ಇನೆಟ್ 192.168.1.10/24 ಆ್ಯಡ್‌ಎಂ ಇಎಂ0 ಆ್ಯಡ್‌ಎಂ ಇಎಂ1 ಅಪ್"

ಬಹಳ ವರ್ಷ ಇದು ಮ್ಯಾನ್ಯುಯಲ್ಲಿನ ಸಲಹೆಯಾಗಿ ಮಾತ್ರ ಇತ್ತು. 15ನೇ ಆವೃತ್ತಿಯಲ್ಲಿ ಸದಸ್ಯ ಪೋರ್ಟಿನ ಮೇಲೆ ವಿಳಾಸ ಇಡುವುದನ್ನು ಸಿಸ್ಟಮ್ಮೇ ತಡೆಯುತ್ತದೆ. ಹಳೆಯ ಅಭ್ಯಾಸದಲ್ಲಿ ಬರೆದ ಆರ್‌ಸಿ ಡಾಟ್ ಕಾನ್ಫ್ ಇರುವವರು ಅಪ್‌ಗ್ರೇಡ್‌ಗೆ ಮೊದಲು ಇದನ್ನು ತಿದ್ದಿಕೊಳ್ಳಬೇಕು. ಈ ಕಟ್ಟುನಿಟ್ಟು ಇನ್ನೂ ಮೊದಲೇ ಬರಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ವಿಳಾಸ ಡಿಎಚ್‌ಸಿಪಿಯಿಂದ ಬರುವುದಾದರೆ ಆ ಸಾಲಿನಲ್ಲಿ ಇನೆಟ್ ಮತ್ತು ವಿಳಾಸ ಇರುವ ಜಾಗಕ್ಕೆ ಸಿಂಕ್‌ಡಿಎಚ್‌ಸಿಪಿ ಎಂಬ ಪದ ಹಾಕಬಹುದು. ವಿಳಾಸ ಸಿಗುವವರೆಗೆ ಬೂಟ್ ಅಲ್ಲೇ ಕಾಯುತ್ತದೆ. ಕಾಯದೆ ಮುಂದೆ ಹೋದರೆ, ನೆಟ್‌ವರ್ಕ್ ಡಿಸ್ಕನ್ನೋ ಹೊರಗಿನ ಡೇಟಾಬೇಸನ್ನೋ ನೆಚ್ಚಿದ ಸೇವೆಗಳು ದಾರಿ ಕಾಣದೆ ಬಿದ್ದುಹೋಗುತ್ತವೆ. ಇದಕ್ಕೇ ಮೀಸಲಾದ ನೆಟ್‌ವೇಟ್ ಎಂಬ ಸ್ಕ್ರಿಪ್ಟೂ ಇದೆ. ನೀವು ಹೇಳಿದ ವಿಳಾಸಕ್ಕೆ ಪಿಂಗ್ ಮಾಡಿ, ಉತ್ತರ ಬಂದ ಮೇಲೆ ಉಳಿದವರಿಗೆ ದಾರಿ ಬಿಡುತ್ತದೆ.

ಇಂದು ಹೆಚ್ಚಿನವರಿಗೆ ಬ್ರಿಡ್ಜ್ ಬೇಕಾಗುವುದು ಎರಡು ಕೇಬಲ್ ಸೇರಿಸಲು ಅಲ್ಲ, ವರ್ಚುವಲ್ ಮಷೀನುಗಳಿಗೆ. 2014ರ 10.0 ಆವೃತ್ತಿಯೊಂದಿಗೆ ಬಂದ ಬಿಹೈವ್ ಫ್ರೀಬಿಎಸ್‌ಡಿಯ ಸ್ವಂತ ವರ್ಚುವಲೈಸೇಷನ್. ಅದರ ಪ್ರತಿ ಮಷೀನಿಗೂ ಒಂದು ಟ್ಯಾಪ್ ಇಂಟರ್‌ಫೇಸ್ ಬೇಕು. ಒಂದು ತುದಿ ಮಷೀನಿನ ಒಳಗೆ, ಇನ್ನೊಂದು ಬ್ರಿಡ್ಜಿನಲ್ಲಿ. ಟ್ಯಾಪ್‌ಗೆ ಒಂದು ವಿಶೇಷ ಗುಣವಿದೆ. ಅದನ್ನು ಪ್ರೋಗ್ರಾಂ ತೆರೆದರೂ ಅದು ತಾನಾಗಿ ಏಳುವುದಿಲ್ಲ. ತೆರೆದ ಕೂಡಲೇ ಏಳು ಎಂದು ಹೇಳುವ ಅಪ್_ಆನ್_ಓಪನ್ ಎಂಬ ಸ್ವಿಚ್ಚಿಗೆ 1 ಕೊಟ್ಟಿರಬೇಕು. ಸದಸ್ಯ ಪೋರ್ಟಿನ ‘ಅಪ್’ನದೇ ಪಾಠ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ಮಷೀನುಗಳು ಬೂಟ್ ಆದ ಮೇಲೆ, ಬೇಕೆಂದಾಗ ಹುಟ್ಟುವುದಾದರೆ? ಅವುಗಳ ಟ್ಯಾಪ್‌ಗಳ ಹೆಸರನ್ನು ಮೊದಲೇ ಬರೆದಿಡಲಾಗದು. ಅದಕ್ಕೊಂದು ಚೆಲುವಾದ ಉಪಾಯವಿದೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲೇ ಹೆಚ್ಚು ಜನ ಗಮನಿಸದ ಮೂಲೆ ಇದು:

ಆಟೋಬ್ರಿಡ್ಜ್_ಇಂಟರ್‌ಫೇಸಸ್="ಬ್ರಿಡ್ಜ್0"
ಆಟೋಬ್ರಿಡ್ಜ್_ಬ್ರಿಡ್ಜ್0="ಟ್ಯಾಪ್* ಇಎಂ1"

ಆ ನಕ್ಷತ್ರ ಚಿಹ್ನೆ ಗಮನಿಸಿ. ಟ್ಯಾಪ್ ಎಂದು ಶುರುವಾಗುವ ಯಾವ ಹೆಸರು ಬಂದರೂ ಅದು ಈ ಬ್ರಿಡ್ಜಿನ ಸದಸ್ಯ. ನಾಳೆ ಹುಟ್ಟುವ ಇಂಟರ್‌ಫೇಸಿಗೆ ಇವತ್ತೇ ಜಾಗ ಕಾದಿರಿಸಿದಂತಾಯಿತು. ಇರುವುದನ್ನು ಮಾತ್ರವಲ್ಲ, ಬರಲಿರುವುದನ್ನೂ ವಿವರಿಸುವ ಸಾಲು ಇದು.

ಜೈಲ್, ಅಂದರೆ ಫ್ರೀಬಿಎಸ್‌ಡಿಯ ಒಳಗೇ ಬೇರ್ಪಡಿಸಿಟ್ಟ ಆವರಣ, ಬಳಸುವವರಿಗೆ ಟ್ಯಾಪ್ ಬದಲು ಇಪೇರ್. ಎರಡು ತುದಿಯ ಕಲ್ಪಿತ ಕೇಬಲ್ ಅದು. ‘ಎ’ ತುದಿ ಬ್ರಿಡ್ಜಿಗೆ, ‘ಬಿ’ ತುದಿ ಜೈಲಿನ ಒಳಗೆ. ಹಲವು ಗಿರಾಕಿಗಳ ಮಷೀನುಗಳು ಒಂದೇ ಯಂತ್ರದಲ್ಲಿದ್ದು, ಅವು ಪರಸ್ಪರ ಮಾತಾಡಬಾರದು ಎಂದಿದ್ದರೆ ಸದಸ್ಯರಿಗೆ ಪ್ರೈವೇಟ್ ಎಂಬ ಗುರುತು ಹಾಕಬಹುದು. ಹಾಗೆ ಗುರುತಿಸಿದ ಇಬ್ಬರ ನಡುವೆ ಬ್ರಿಡ್ಜ್ ಯಾವ ಫ್ರೇಮನ್ನೂ ದಾಟಿಸುವುದಿಲ್ಲ.

ಕಟ್ಟಿದ್ದು ಸರಿಯಿದೆಯೇ ಎಂದು ನೋಡುವುದು ಹೇಗೆ? ಇಫ್‌ಕಾನ್ಫಿಗ್ ಬ್ರಿಡ್ಜ್0 ಎಂದು ಟೈಪ್ ಮಾಡಿ ಬಂದದ್ದನ್ನು ಸಾವಕಾಶ ಓದಿ. ಮೊದಲ ಸಾಲಿನಲ್ಲಿ ಅಪ್ ಮತ್ತು ರನ್ನಿಂಗ್ ಎರಡೂ ಇರಬೇಕು. ಕೆಳಗೆ ಪ್ರಯಾರಿಟಿ 32768, ಹೆಲೋಟೈಮ್ 2, ಫಾರ್ವರ್ಡ್ ಡಿಲೇ 15 ಎಂದೆಲ್ಲ ಬರುತ್ತದೆ. ಅವು ಸ್ಪ್ಯಾನಿಂಗ್ ಟ್ರೀಯ ಸಂಖ್ಯೆಗಳು. ಆಮೇಲೆ ಪ್ರತಿ ಸದಸ್ಯನಿಗೂ ಒಂದು ಸಾಲು, ಅದರ ಮುಂದೆ ಲರ್ನಿಂಗ್, ಡಿಸ್ಕವರ್ ಎಂಬ ಗುರುತುಗಳು. ಲರ್ನಿಂಗ್ ಎಂದರೆ ಈ ಪೋರ್ಟಿನಿಂದ ಬಂದ ವಿಳಾಸಗಳನ್ನು ಬ್ರಿಡ್ಜ್ ಕಲಿಯುತ್ತಿದೆ. ಡಿಸ್ಕವರ್ ಎಂದರೆ ಎಲ್ಲಿದ್ದಾರೆಂದು ತಿಳಿಯದವರಿಗೆ ಬಂದ ಫ್ರೇಮುಗಳನ್ನು ಈ ಪೋರ್ಟಿಗೂ ಕಳಿಸುತ್ತದೆ. ಸಾಲಿನ ಕೊನೆಯಲ್ಲಿ ಪಾತ್ ಕಾಸ್ಟ್. ಒಂದು ಗಿಗಾಬಿಟ್ ಪೋರ್ಟಾದರೆ 20000. ಅಲ್ಲಿ ಬೇರೇನೋ ದೊಡ್ಡ ಸಂಖ್ಯೆ ಕಂಡರೆ ಪೋರ್ಟ್ ನೀವಂದುಕೊಂಡ ವೇಗದಲ್ಲಿ ಕೂಡಿಕೊಂಡಿಲ್ಲ ಎಂದರ್ಥ. ಕೇಬಲ್ ಒಮ್ಮೆ ನೋಡಿ.

ಅದೇ ಆಜ್ಞೆಯ ಕೊನೆಗೆ ಆ್ಯಡರ್ ಎಂದು ಸೇರಿಸಿದರೆ ಬ್ರಿಡ್ಜ್ ಕಲಿತ ವಿಳಾಸಗಳ ಪಟ್ಟಿಯೇ ಬರುತ್ತದೆ. ಮ್ಯಾಕ್ ವಿಳಾಸ, ಅದು ಯಾವ ಪೋರ್ಟಿನ ಕಡೆ ಇದೆ, ಪಕ್ಕದಲ್ಲಿ ಒಂದು ಸಂಖ್ಯೆ. ಆಜ್ಞೆಯನ್ನು ಮತ್ತೆ ಮತ್ತೆ ಕೊಟ್ಟು ನೋಡಿ. ಮಾತಾಡುತ್ತಿರುವವರ ಸಂಖ್ಯೆ 1200ರ ಆಸುಪಾಸಿನಲ್ಲೇ ಇರುತ್ತದೆ, ಸುಮ್ಮನಾದವರದ್ದು ಇಳಿಯುತ್ತಾ ಹೋಗುತ್ತದೆ. ಸೊನ್ನೆ ಮುಟ್ಟಿದವರು ಪಟ್ಟಿಯಿಂದ ಹೊರಗೆ. ಬ್ರಿಡ್ಜ್ ಕಲಿಯುವುದನ್ನು, ಮರೆಯುವುದನ್ನು ಕಣ್ಣಾರೆ ಕಾಣಬಹುದಾದ ಜಾಗ ಇದು. ವಿದ್ಯಾರ್ಥಿಗಳಿಗೆ ನೆಟ್‌ವರ್ಕ್ ಕಲಿಸುವವರು ಪಾಠವನ್ನು ಇಲ್ಲಿಂದ ಶುರು ಮಾಡಿದರೆ ಎಷ್ಟು ಚೆನ್ನ ಎಂದು ನನಗೆ ಯಾವಾಗಲೂ ಅನಿಸಿದೆ.

ಸ್ಪ್ಯಾನಿಂಗ್ ಟ್ರೀ ಎಂದೆನಲ್ಲ. ಅದಿಲ್ಲದೆ ಬ್ರಿಡ್ಜಿನ ಕಥೆ ಪೂರ್ತಿಯಾಗದು. ಎರಡು ಬ್ರಿಡ್ಜುಗಳ ನಡುವೆ ಎರಡು ಕೇಬಲ್ ಬಿದ್ದವು ಎಂದುಕೊಳ್ಳಿ. ಎಲ್ಲರಿಗೂ ಎಂದು ಕಳಿಸಿದ ಒಂದು ಫ್ರೇಮ್ ಒಂದು ಕೇಬಲ್ಲಿನಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸು ಬರುತ್ತದೆ, ಮತ್ತೆ ಹೋಗುತ್ತದೆ. ಐಪಿ ಪ್ಯಾಕೆಟ್ಟಿಗಿರುವಂತೆ ಈಥರ್ನೆಟ್ ಫ್ರೇಮಿಗೆ ಆಯುಸ್ಸಿನ ಲೆಕ್ಕವಿಲ್ಲ. ಕ್ಷಣಾರ್ಧದಲ್ಲಿ ಜಾಲವೆಲ್ಲ ಅದರ ಪ್ರತಿಗಳಿಂದಲೇ ತುಂಬಿಹೋಗುತ್ತದೆ. ಇದಕ್ಕೆ ಉತ್ತರ ಕೊಟ್ಟವರು ಆಗ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್. 1985ರಲ್ಲಿ ಪ್ರಕಟವಾದ ಅವರ ವಿಧಾನದಲ್ಲಿ ಬ್ರಿಡ್ಜುಗಳು ತಮ್ಮೊಳಗೇ ಸಂದೇಶ ಹಂಚಿಕೊಂಡು ಒಬ್ಬರನ್ನು ಬೇರಾಗಿ ಆರಿಸಿಕೊಳ್ಳುತ್ತವೆ. ಅಲ್ಲಿಂದ ಮರದಂತೆ ಕವಲೊಡೆಯುವ ದಾರಿಗಳನ್ನು ಉಳಿಸಿಕೊಂಡು, ಸುತ್ತು ಉಂಟುಮಾಡುವ ಪೋರ್ಟ್‌ಗಳನ್ನು ತಾವೇ ಮುಚ್ಚುತ್ತವೆ. ಒಂದು ಕೇಬಲ್ ತುಂಡಾದರೆ ಮುಚ್ಚಿದ್ದನ್ನು ತೆರೆಯುತ್ತವೆ. ಮೇಲೆ ಕೂತು ಆಳುವವರು ಯಾರೂ ಇಲ್ಲ.

ಆರ್‌ಸಿ ಡಾಟ್ ಕಾನ್ಫ್‌ನಲ್ಲಿ ಇದಕ್ಕೆ ಆ್ಯಡ್‌ಎಂ ಇಎಂ0 ಜೊತೆಗೆ ಎಸ್‌ಟಿಪಿ ಇಎಂ0 ಎಂದು ಸೇರಿಸಿದರಾಯಿತು. ಬೂಟ್‌ಗೆ ಸಂಬಂಧಪಟ್ಟ ಮುಖ್ಯ ಸಂಗತಿ ಸಮಯದ್ದು. ಹಳೆಯ ವಿಧಾನದಲ್ಲಿ ಒಂದು ಪೋರ್ಟ್ 15 ಸೆಕೆಂಡು ಬರೀ ಆಲಿಸಿ, ಇನ್ನೊಂದು 15 ಸೆಕೆಂಡು ಕಲಿತು, ಆಮೇಲಷ್ಟೇ ಫ್ರೇಮ್ ದಾಟಿಸುತ್ತಿತ್ತು. ಆ ಅರ್ಧ ನಿಮಿಷದಲ್ಲಿ ಡಿಎಚ್‌ಸಿಪಿ ಕೇಳಿ ಕೇಳಿ ಸೋತು ಕೈಬಿಡಬಹುದು. ಫ್ರೀಬಿಎಸ್‌ಡಿಯ ಬ್ರಿಡ್ಜ್ ಈಗ ರ್‍ಯಾಪಿಡ್ ಎಂಬ ಹೊಸ ವಿಧಾನವನ್ನೇ ಬಳಸುತ್ತದೆ, ಅದನ್ನು ಸೇರಿಸಿದವರೂ ಆಂಡ್ರ್ಯೂ ಥಾಂಪ್ಸನ್ನೇ. ಆದರೆ ಎದುರಿನ ಸ್ವಿಚ್ ಹಳೆಯ ವಿಧಾನದಲ್ಲಿದ್ದರೆ ಕಾಯುವುದು ತಪ್ಪದು. ಬೂಟ್ ಆಗುವಾಗ ಮಾತ್ರ ವಿಳಾಸ ಸಿಗುವುದಿಲ್ಲ, ಆಮೇಲೆ ಕೈಯಿಂದ ಕೇಳಿದರೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಮೊದಲು ಸ್ವಿಚ್ಚಿನ ಕಡೆ ನೋಡಿ.

ಇನ್ನು ಸಣ್ಣ ಆದರೆ ಮುಖ್ಯವಾದ ಕೆಲವು. ಸದಸ್ಯರೆಲ್ಲರ ಎಂಟಿಯು, ಅಂದರೆ ಒಮ್ಮೆಗೆ ಸಾಗಿಸಬಹುದಾದ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಒಂದೇ ಇರಬೇಕು. ಒಬ್ಬರಿಗೆ 9000, ಇನ್ನೊಬ್ಬರಿಗೆ 1500 ಎಂದು ಸೇರಿಸಲು ಹೋಗಬೇಡಿ. ನೆಟ್‌ವರ್ಕ್ ಕಾರ್ಡು ಮಾಡುವ ಕೆಲವು ಸಹಾಯದ ಕೆಲಸಗಳನ್ನು ಬ್ರಿಡ್ಜ್ ನಿಲ್ಲಿಸಿಬಿಡುತ್ತದೆ. ಹಾಗೆ ನಿಲ್ಲಿಸುವಾಗ ಕೆಲವು ಕಾರ್ಡುಗಳ ಲಿಂಕ್ ಒಂದೆರಡು ಸೆಕೆಂಡು ಬಿದ್ದು ಏಳುವುದುಂಟು, ಗಾಬರಿ ಬೇಡ. ಮನೆಯ ವೈಫೈಗೆ ಸಾಮಾನ್ಯ ಗಿರಾಕಿಯಂತೆ ಸೇರಿಕೊಂಡ ಕಾರ್ಡನ್ನು ಬ್ರಿಡ್ಜಿಗೆ ಸೇರಿಸಿ ಪ್ರಯೋಜನವಿಲ್ಲ. ಆ ಬಗೆಯ ಫ್ರೇಮಿನಲ್ಲಿ ಹಿಂದೆ ನಿಂತ ಮೂರನೆಯವರ ವಿಳಾಸಕ್ಕೆ ಜಾಗವೇ ಇರುವುದಿಲ್ಲ.

ಆರ್‌ಸಿ ಡಾಟ್ ಕಾನ್ಫ್ ತಾನೇ ಒಂದು ಶೆಲ್ ಸ್ಕ್ರಿಪ್ಟ್ ಎನ್ನುವುದನ್ನು ಎಂದೂ ಮರೆಯಬಾರದು. ಕ್ಲೋನ್ಡ್_ಇಂಟರ್‌ಫೇಸಸ್ ಎಂದು ಎರಡು ಕಡೆ ಬರೆದರೆ ಎರಡೂ ಸೇರಿಕೊಳ್ಳುವುದಿಲ್ಲ, ಕೆಳಗಿನದು ಮೇಲಿನದನ್ನು ಅಳಿಸುತ್ತದೆ. ಕಳೆದ ವರ್ಷ ಒಬ್ಬರು ಮೇಲೆ ವಿಎಲ್ಯಾನ್ ಬರೆದು, ಈ ವರ್ಷ ಇನ್ನೊಬ್ಬರು ಫೈಲಿನ ಕೊನೆಯಲ್ಲಿ ಬ್ರಿಡ್ಜ್ ಬರೆದರೆ ವಿಎಲ್ಯಾನ್ ಹುಟ್ಟುವುದೇ ಇಲ್ಲ. ಸಿಸ್‌ಆರ್‌ಸಿ ಎಂಬ ಆಜ್ಞೆ ಇದಕ್ಕೆ ಮದ್ದು. ಇರುವ ಪಟ್ಟಿಗೆ ಕೂಡಿಸು ಎಂದು ಅದಕ್ಕೆ ಹೇಳಬಹುದು. ಕೈಯಿಂದ ತಿದ್ದಿದರೆ, ತಿದ್ದಿದ ಮೇಲೆ ಎಸ್‌ಎಚ್ ಆಜ್ಞೆಗೆ ಮೈನಸ್ ಎನ್ ಸೇರಿಸಿ ಈ ಫೈಲಿನ ಹೆಸರು ಕೊಡಿ. ಅದು ಏನನ್ನೂ ಓಡಿಸದೆ, ಬರವಣಿಗೆ ಸರಿಯಿದೆಯೇ ಎಂದಷ್ಟೇ ಪರೀಕ್ಷಿಸುತ್ತದೆ. ಮುಚ್ಚಲು ಮರೆತ ಒಂದು ಉದ್ಧರಣ ಚಿಹ್ನೆ ಇಡೀ ಬೂಟನ್ನು ನಿಲ್ಲಿಸಬಲ್ಲದು.

ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಹೋಗಿ ಬ್ರಿಡ್ಜ್ ಕಟ್ಟುವವರಿಗೆ ಒಂದು ಮಾತು. ಸರ್ವೀಸ್ ನೆಟ್‌ಇಫ್ ರೀಸ್ಟಾರ್ಟ್ ಎಂದರೆ ನೀವು ಹಿಡಿದುಕೊಂಡಿರುವ ದಾರವೇ ಕತ್ತರಿಸುತ್ತದೆ, ಹೊರಗಿನ ದಾರಿಯೂ ಅಳಿಸಿಹೋಗುತ್ತದೆ. ಹಾಗಾಗಿ ಅದರ ಬೆನ್ನಿಗೇ, ಒಂದೇ ಸಾಲಿನಲ್ಲಿ, ಸರ್ವೀಸ್ ರೂಟಿಂಗ್ ರೀಸ್ಟಾರ್ಟ್ ಎಂದೂ ಬರೆದಿರಬೇಕು. ಕನ್ಸೋಲ್ ಕೈಗೆ ಸಿಗುವ ಹಾಗಿದ್ದರೆ ಮಾತ್ರ ಇದಕ್ಕೆ ಕೈ ಹಾಕುವುದು ವಾಸಿ.

ಬೇರೆ ಮನೆಗಳಲ್ಲಿ ಇದೇ ಕೆಲಸ ಬೇರೆ ರೂಪದಲ್ಲಿ ನಡೆಯುತ್ತದೆ. ಓಪನ್‌ಬಿಎಸ್‌ಡಿಯಲ್ಲಿ ಪ್ರತಿ ಇಂಟರ್‌ಫೇಸಿಗೂ ಒಂದು ಫೈಲ್, ಬ್ರಿಡ್ಜಿನದರಲ್ಲಿ ಆ್ಯಡ್ ಇಎಂ0, ಆ್ಯಡ್ ಇಎಂ1, ಅಪ್ ಎಂದು ಮೂರು ಸಾಲು. 2021ರ 6.9 ಆವೃತ್ತಿಯಿಂದ ಡೇವಿಡ್ ಗ್ವಿನ್ ಬರೆದ ವಿಇಬಿ ಎಂಬ ಹೊಸ ಬ್ರಿಡ್ಜೂ ಅಲ್ಲಿದೆ. ಅದರಲ್ಲಿ ಯಂತ್ರದ ಸ್ವಂತ ವಿಳಾಸಕ್ಕೆ ವಿಪೋರ್ಟ್ ಎಂಬ ಬೇರೆಯೇ ಬಾಗಿಲು. ಡೆಬಿಯನ್ನಿನಲ್ಲಿ ಇಂಟರ್‌ಫೇಸಸ್ ಫೈಲಿನ ಬ್ರಿಡ್ಜ್_ಪೋರ್ಟ್ಸ್ ಎಂಬ ಸಾಲು. ಸಿಸ್ಟಂಡಿ ಬಳಸುವ ಲಿನಕ್ಸ್‌ಗಳಲ್ಲಿ ಹುಟ್ಟಿಸಲು ಒಂದು ಫೈಲ್, ಸೇರಿಸಲು ಇನ್ನೊಂದು. ಎಲ್ಲಿ ನೋಡಿದರೂ ಕೇಳುವ ಪ್ರಶ್ನೆಗಳು ಅವೇ: ಯಾರನ್ನು ಹುಟ್ಟಿಸಬೇಕು, ಯಾರನ್ನು ಸೇರಿಸಬೇಕು, ಯಾರನ್ನು ಎಬ್ಬಿಸಬೇಕು, ವಿಳಾಸ ಯಾರ ಮೇಲೆ.

ನಿಮ್ಮ ಬಳಿ ಫ್ರೀಬಿಎಸ್‌ಡಿ ಇರುವ ಯಂತ್ರವಿದ್ದರೆ ಎರಡು ಕೆಲಸ ಮಾಡಿ. ಬ್ರಿಡ್ಜ್ ಬರೆದ ದಿನವೇ, ಮಾಡಿದ್ದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ, ಎದುರಿಗೆ ಕೂತು ಒಮ್ಮೆ ರೀಬೂಟ್ ಮಾಡಿ ನೋಡಿ. ರೀಬೂಟ್ ಆಗಿ ತೋರಿಸದ ಸೆಟ್ಟಿಂಗ್ ಮುಗಿದ ಕೆಲಸವಲ್ಲ. ಆಮೇಲೆ ಬಿಡುವಾದಾಗ ಇಟಿಸಿ ಡೈರೆಕ್ಟರಿಯ ಆರ್‌ಸಿ ಡಾಟ್ ಡಿ ಒಳಗಿರುವ ನೆಟ್‌ಇಫ್ ಫೈಲನ್ನು ತೆರೆದು ಓದಿ. ಶೆಲ್ ಬಲ್ಲವರಿಗೆ ಅರ್ಧ ಗಂಟೆಯ ಓದು. ಅದಕ್ಕೆ ಇಂಟರ್ನೆಟ್ಟೂ ಬೇಡ, ಪುಸ್ತಕವೂ ಬೇಡ. ನಿಮ್ಮ ಯಂತ್ರದಲ್ಲೇ ಇದೆ.